ನಕಾಶೆ ಪ್ರಕಾರದ ಕೋಟು

ಮೂರಂತಸ್ತಿನ ಕಟ್ಟಡ ಎಳೆದವನಿಗೆ ಮೂರು ಗುಂಡಿಯ ಕೋಟು ಯಾವ ಲೆಕ್ಕ?

ಸ್ಕೇಲಣ್ಣ ಈ ಮಾತನ್ನು ಮನಸ್ಸಿನಲ್ಲೇ ಅಂದುಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ದರ್ಜಿಯ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಎದುರಿನ ಸೈಕಲ್ ರಿಪೇರಿಯವನು ಗಾಳಿ ಹೊಡೆಯುವುದನ್ನು ನಿಲ್ಲಿಸಿ ತಿರುಗಿ ನೋಡುವಷ್ಟು ಜೋರಾಗಿ ಅಂದುಬಿಟ್ಟ. ಅದರಿಂದಾಗಿ ಗುಂಡುಕಲ್ಲಿನ ಹಾಗಿದ್ದ ಒಬ್ಬ ಮನುಷ್ಯ ಹದಿನೈದು ದಿನ ಸಾಯುತ್ತಾ ಕೂರಬೇಕಾಯಿತು.

ಸ್ಕೇಲಣ್ಣ ಅನ್ನೋದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಪುರಸಭೆಯ ಕಟ್ಟಡ ವಿಭಾಗದಲ್ಲಿ ಅವನು ನಕಾಶೆಗಾರ. ಬೇರೆಯವರು ಪೆನ್ನು ಇಟ್ಟುಕೊಳ್ಳುವ ಜೇಬಿನಲ್ಲಿ ಅವನು ಸ್ಕೇಲು ಇಟ್ಟುಕೊಳ್ಳುತ್ತಿದ್ದ. ಮನೆಯಲ್ಲಿ ಬ್ರೆಡ್ಡಿನ ಚೂರು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗಿದ್ದರೆ ತಟ್ಟೆ ವಾಪಸ್ಸು. ಜನ ಮನೆ ಕಟ್ಟಿಸೋಕೆ ಅಂತ ಆಸೆಯಿಂದ ತಂದ ನಕಾಶೆಯಲ್ಲಿ ಕಿಟಕಿಯ ಗೆರೆ ಒಂದು ಕೂದಲೆಳೆ ಆಚೆ ಈಚೆ ಆಗಿದ್ದರೂ ಸಾಕು, ಕೆಂಪು ಮಸಿಯ ಠಸ್ಸೆ ತೆಗೆದು ಧಡ್ ಅಂತ ಹೊಡೆಯುತ್ತಿದ್ದ: "ನಕಾಶೆ ದೋಷಪೂರಿತ. ತಿರಸ್ಕರಿಸಲಾಗಿದೆ." ಆ ಧಡ್ ಸದ್ದು ಕೇಳಿದ ದಿನ ಅವನಿಗೆ ಊಟ ಚೆನ್ನಾಗಿ ಸೇರುತ್ತಿತ್ತು.

ಇಂಥವನಿಗೂ ಒಬ್ಬ ಸ್ನೇಹಿತ ಇದ್ದ ಅನ್ನೋದು ಆಶ್ಚರ್ಯವೇ. ಅವನು ಅದೇ ಕಚೇರಿಯ ಕಡತಗಳನ್ನು ಕಾಯುವ ದಫ್ತರಿ. ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಜೋಡಿ. ಯಾರದಾದರೂ ಸೈಟು ಅಳೆಯೋಕೆ ಹೋದರೆ ಸ್ಕೇಲಣ್ಣ ಟೇಪು ಎಳೆದು ಕೂಗುವನು, ದಫ್ತರಿ ಪುಸ್ತಕದಲ್ಲಿ ಬರೆದುಕೊಳ್ಳುವನು. ಆ ಟೇಪಿಗೂ ಒಂದು ಚರಿತ್ರೆಯಿದೆ. ಹಿಂದೆ ಯಾವುದೋ ಗಡಿ ತಕರಾರಿನಲ್ಲಿ ಸೈಟಿನ ಮಾಲೀಕನ ನಾಯಿ ಅದರ ಮೊದಲ ಆರು ಇಂಚನ್ನು ಕಚ್ಚಿಕೊಂಡು ಓಡಿಹೋಗಿತ್ತು. ಹೊಸ ಟೇಪು ಬೇಕು ಅಂತ ಅರ್ಜಿ ಹೋಗಿ ಒಂಬತ್ತು ವರ್ಷ ಆಗಿತ್ತು. ಅರ್ಜಿ ಕ್ಷೇಮವಾಗಿತ್ತು, ಏಕೆಂದರೆ ಅದನ್ನು ಕಾಯುತ್ತಿದ್ದವನೇ ದಫ್ತರಿ. ಅಲ್ಲಿಯವರೆಗೂ ಒಂದು ಏರ್ಪಾಟು: ಸ್ಕೇಲಣ್ಣ "ನಲವತ್ತು ಅಡಿ ಆರಿಂಚು!" ಅಂತ ಕೂಗಿದರೆ ದಫ್ತರಿ ಆರಿಂಚು ಬಿಟ್ಟು "ನಲವತ್ತು" ಅಂತ ಬರೆಯುವುದು. ಅಳೆಯೋನು ಸ್ಕೇಲಣ್ಣ, ಕಳೆಯೋನು ದಫ್ತರಿ. ಊರಿನ ಅರ್ಧ ಮನೆಗಳು ಹೀಗೇ ಎದ್ದು ನಿಂತಿದ್ದವು.

ದಫ್ತರಿಗೆ ಹನ್ನೊಂದು ವರ್ಷ ಕಾದ ಮೇಲೆ ಬಡ್ತಿ ಬಂತು. ಬೇರೆ ಊರಿನ ದೊಡ್ಡ ಕಚೇರಿಯಲ್ಲಿ ಹೆಡ್ ಗುಮಾಸ್ತನ ಕುರ್ಚಿ. ಹದಿನೈದು ದಿನದಲ್ಲಿ, ಅಂದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಹೋಗಿ ಹಾಜರಾಗಬೇಕು. ಅದರ ಹಿಂದಿನ ಶನಿವಾರ ಇಲ್ಲಿ ಬೀಳ್ಕೊಡುಗೆ. ಸ್ನೇಹಿತ ಹೊಸ ಕುರ್ಚಿಯಲ್ಲಿ ಹೊಸ ಕೋಟು ಹಾಕಿಕೊಂಡು ಕೂರಬೇಕು, ಅದು ತನ್ನ ಉಡುಗೊರೆಯಾಗಿರಬೇಕು ಅಂತ ಸ್ಕೇಲಣ್ಣನಿಗೆ ಆಸೆ ಹುಟ್ಟಿತು. ಆಸೆ ಒಳ್ಳೆಯದೇ. ಅಷ್ಟಕ್ಕೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೂದು ಬಣ್ಣದ ಬಟ್ಟೆ ತಗೊಂಡು ದರ್ಜಿಯ ಹತ್ತಿರ ಹೋದ. ದರ್ಜಿ ಕನ್ನಡಕದ ಮೇಲಿಂದ ನೋಡಿ, "ಆಳನ್ನ ಕರ್ಕೊಂಡು ಬನ್ನಿ" ಅಂದ.

"ಆಳು ಯಾಕೆ? ಅವನಿಗೆ ಗೊತ್ತಾಗಬಾರದು. ಅಳತೆ ನಾನು ತಂದುಕೊಡ್ತೀನಿ."

"ಬರೀ ಅಳತೆ ಬಂದ್ರೆ ಕೋಟು ಗೂಟಕ್ಕೆ ಸರಿಹೋಗುತ್ತೆ ಸ್ವಾಮಿ, ಮೈಗಲ್ಲ. ಒಬ್ಬನ ಭುಜ ಇಳಿಜಾರು ಇರುತ್ತೆ, ಒಬ್ಬನಿಗೆ ಬೆನ್ನು ಗೂನು ಇರುತ್ತೆ. ಗೋಡೆ ಉಸಿರಾಡಲ್ಲ, ಮನುಷ್ಯ ಉಸಿರಾಡ್ತಾನೆ."

ಸ್ಕೇಲಣ್ಣನಿಗೆ ಮೈ ಉರಿಯಿತು. ಕತ್ತರಿ ಹಿಡಿದವನು ಸ್ಕೇಲು ಹಿಡಿದವನಿಗೆ ಬುದ್ಧಿ ಹೇಳುವುದೇ! ಜಗತ್ತಿನಲ್ಲಿರೋದೆಲ್ಲ ಉದ್ದ, ಅಗಲ, ಎತ್ತರ ಅಷ್ಟೇ ಅಂತ ಅಲ್ಲೇ ಒಂದು ಭಾಷಣ ಬಿಗಿದ. ಕೊನೆಗೆ ಆ ಮೂರಂತಸ್ತು ಮೂರು ಗುಂಡಿಯ ಮಾತು ಬಂತು. ದರ್ಜಿ ಬಟ್ಟೆಯನ್ನು ಮಡಿಸಿ ಅವನ ಕೈಗೇ ಕೊಟ್ಟ.

"ಹಾಗಾದ್ರೆ ನೀವೇ ಹೊಲೀರಿ. ನಾವೂ ನೋಡಿ ಕಲೀತೀವಿ."

ಸೈಕಲ್ ರಿಪೇರಿಯವನು ನಕ್ಕ. ಆ ನಗು ಇಲ್ಲದಿದ್ದರೂ ಏನಾದರೂ ದಾರಿ ಇತ್ತೇನೋ. ನಕ್ಕ ಮೇಲೆ ಇನ್ನೇನು ಉಳಿಯಿತು? ಸ್ಕೇಲಣ್ಣ ಬಟ್ಟೆ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ.

ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಇತ್ತು. ಬೀದಿಯ ಹೆಂಗಸರ ಬಟ್ಟೆಯೆಲ್ಲ ಅವಳೇ ಹೊಲಿದು ಕೊಡುತ್ತಿದ್ದಳು, ಒಂದೂ ವಾಪಸ್ಸು ಬಂದದ್ದಿಲ್ಲ. ಅವಳನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. "ಯಂತ್ರ ನಂಗೆ ಬೇಕು. ಹದಿನೈದು ದಿನ ಆ ಕೋಣೆಗೆ ನೀನು ಬರಬಾರದು" ಅಂದ.

"ಅಯ್ಯೋ, ಹೊಲಿಗೆ ಬರುತ್ತಾ ನಿಮಗೆ?"

"ಹೊಲಿಗೆ ಕೂಲಿ ಕೆಲಸ ಕಣೇ. ಮುಖ್ಯ ನಕಾಶೆ."

ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಗಂಡನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಸೂಜಿಯ ಡಬ್ಬಿ ಕೊಟ್ಟು, ಜೊತೆಗೆ ಗಾಯದ ಮುಲಾಮನ್ನೂ ಕೊಟ್ಟಳು.

ಈಗ ಅಳತೆ. ದಫ್ತರಿ ಮಧ್ಯಾಹ್ನ ಊಟ ಆದಮೇಲೆ ಕಡತದ ಕೋಣೆಯ ಬೆಂಚಿನ ಮೇಲೆ ಅರ್ಧ ಗಂಟೆ ಅಂಗಾತ ಮಲಗುತ್ತಿದ್ದ. ಮಲಗಿದ ಅಂದರೆ ಪಕ್ಕದಲ್ಲಿ ಕಟ್ಟಡ ಬಿದ್ದರೂ ಏಳುವವನಲ್ಲ. ಸ್ಕೇಲಣ್ಣ ಕಚೇರಿಯ ಟೇಪು ತಗೊಂಡು ಬೆಕ್ಕಿನ ಹೆಜ್ಜೆಯಲ್ಲಿ ಹೋದ. ಭುಜದಿಂದ ಭುಜಕ್ಕೆ ಎಳೆದ: ಇಪ್ಪತ್ನಾಲ್ಕು. ತೋಳು ಮೂವತ್ತು. ಉದ್ದ ಮೂವತ್ತಾರು. ಎದೆಯ ಸುತ್ತ ಟೇಪು ಹಾಕೋಣ ಅಂದರೆ ಮಲಗಿದವನ ಬೆನ್ನಡಿಗೆ ಹೋಗೋದು ಹೇಗೆ? ಕಟ್ಟಡದ ನಕಾಶೆಯಲ್ಲಿ ಅರ್ಧ ಎಳೆದು "ಉಳಿದರ್ಧ ಇದರಂತೆಯೇ" ಅಂತ ಬರೆಯೋದಿಲ್ಲವೇ? ಹಾಗೇ ಈ ಕಂಕುಳಿಂದ ಆ ಕಂಕುಳವರೆಗೆ ಮುಂಭಾಗ ಅಳೆದ: ಇಪ್ಪತ್ತೈದು. ಎರಡರಿಂದ ಗುಣಿಸಿದ: ಐವತ್ತು. ಸ್ನೇಹಿತನ ಎದೆ ಇಷ್ಟು ವಿಶಾಲ ಅಂತ ಇಪ್ಪತ್ತೆರಡು ವರ್ಷದಲ್ಲಿ ಗೊತ್ತೇ ಆಗಿರಲಿಲ್ಲ ಅಂತ ಅವನಿಗೆ ಹೆಮ್ಮೆಯಾಯಿತು. ಹೇಗೂ ಟೇಪು ಹಿಡಿದಾಗಿದೆ, ಪೂರ್ತಿ ಎತ್ತರವೂ ಇರಲಿ ಅಂತ ತಲೆಯಿಂದ ಕಾಲಿನವರೆಗೂ ಅಳೆದ. ಹಳೆಯ ಕಡತಗಳ ಧೂಳು ಕಣ್ಣಿಗೆ ಬಿದ್ದು ನೀರು ಸುರಿಯುತ್ತಿತ್ತು. ಕರ್ಚೀಫಿನಿಂದ ಒರೆಸಿಕೊಂಡ.

ಬಾಗಿಲಲ್ಲಿ ಜವಾನ ನಿಂತಿದ್ದ. ಕೈಯಲ್ಲಿ ಚಹಾ ಲೋಟ. ಅಂಗಾತ ಮಲಗಿದ ದಫ್ತರಿ, ತಲೆಯಿಂದ ಕಾಲಿಗೆ ಟೇಪು, ಪಕ್ಕದಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಿರುವ ಪ್ರಾಣಸ್ನೇಹಿತ.

"ಏನ್ ಸ್ವಾಮಿ ಇದು?" ಅಂತ ಜವಾನ ಪಿಸುಗುಟ್ಟಿದ.

"ಶ್! ಯಾರಿಗೂ ಹೇಳಬೇಡ. ಮುಖ್ಯವಾಗಿ ಇವನಿಗೆ ಗೊತ್ತಾಗಬಾರದು. ಶನಿವಾರದ ಹೊತ್ತಿಗೆ ಎಲ್ಲರಿಗೂ ಗೊತ್ತಾಗುತ್ತೆ."

ಜವಾನ ಪ್ರಾಮಾಣಿಕ. ಯಾರಿಗೂ ಹೇಳಲಿಲ್ಲ. ಹಾಜರಿ ಗುಮಾಸ್ತನಿಗೆ ಮಾತ್ರ ಹೇಳಿದ. ಹಾಜರಿ ಗುಮಾಸ್ತ ಯಾರು ಅಂದರೆ, ಬಡ್ತಿಯ ಪಟ್ಟಿಯಲ್ಲಿ ದಫ್ತರಿಯ ಹೆಸರಿನ ಕೆಳಗೇ ಹೆಸರಿದ್ದವನು. ಸುದ್ದಿ ಕೇಳಿ ಅವನಿಗೆ ಎಷ್ಟು ದುಃಖವಾಯಿತು ಅಂದರೆ, ಸಂಜೆಯೊಳಗೆ ಕಚೇರಿಯ ಹದಿನಾಲ್ಕು ಮೇಜಿಗೂ ಖುದ್ದಾಗಿ ಹೋಗಿ ಹಂಚಿಕೊಂಡ. "ಡಾಕ್ಟ್ರು ಸ್ಕೇಲಣ್ಣನ ಹತ್ರ ಹೇಳಿದಾರಂತೆ, ದಫ್ತರಿ ಹತ್ರ ಹೇಳಿಲ್ಲವಂತೆ. ಮೈ ಕರಗ್ತಾ ಇದೆಯಂತೆ, ಅದಕ್ಕೇ ಅಳತೆ ತಗೋತಿದಾನಂತೆ. ಶನಿವಾರದವರೆಗೆ ಅಂತ ಗಡುವಂತೆ." ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನುವ ಜನ. ಎತ್ತು ಹೇಗೆ ಈಯಿತು ಅಂತ ಒಬ್ಬನಾದರೂ ಕೇಳಬೇಕಲ್ಲ!

ಸ್ಕೇಲಣ್ಣನಿಗೆ ಇದೊಂದೂ ಕಿವಿಗೆ ಬೀಳಲಿಲ್ಲ. ಅವನು ಕತ್ತಿನ ಅಳತೆಯ ಯೋಚನೆಯಲ್ಲಿದ್ದ. ಮಾರನೇ ದಿನ ದಫ್ತರಿ ಇಲ್ಲದ ಹೊತ್ತು ನೋಡಿ ಅವನ ಮನೆಗೇ ಹೋದ. ದಫ್ತರಿಯ ಹೆಂಡತಿ ಬಟ್ಟೆ ಒಣಗಿಸುತ್ತಿದ್ದಳು.

"ತಂಗೀ, ಒಂದು ವಿಷಯ. ಇವನ ಶರ್ಟಿನ ಕಾಲರು ಇತ್ತೀಚೆಗೆ ಬಿಗಿಯಾಗಿದೆಯೋ ಸಡಿಲವಾಗಿದೆಯೋ?"

"ಯಾಕಣ್ಣಾ?"

"ಸುಮ್ಮನೆ. ಅವನು ಹಾಕ್ಕೊಳ್ಳೋ ಒಂದು ಶರ್ಟು ಕೊಡಮ್ಮ. ಶನಿವಾರ ಆದಮೇಲೆ ವಾಪಸ್ ತಂದುಕೊಡ್ತೀನಿ. ಅವನ ಕಿವಿಗೆ ಮಾತ್ರ ಹಾಕಬೇಡ. ನೀನು ಧೈರ್ಯವಾಗಿರು."

ಕೊನೆಯ ಮಾತು ಯಾಕೆ ಹೇಳಿದ ಅಂತ ಕೇಳಿದರೆ ಅವನಿಗೇ ಗೊತ್ತಿಲ್ಲ. ಬಟ್ಟೆಯ ಬಕೆಟ್ಟು ಹೊತ್ತು ನಿಂತವಳಿಗೆ ಏನಾದರೂ ಒಳ್ಳೆಯ ಮಾತು ಹೇಳಿ ಹೊರಡೋಣ ಅಂತ ಬಾಯಿಗೆ ಬಂದದ್ದನ್ನು ಹೇಳಿದ. ಅವಳು ಅಲ್ಲೇ ಕುಸಿದು ಕೂತಳು. ಪಕ್ಕದ ಮನೆಯ ನಿವೃತ್ತ ಕಾಂಪೌಂಡರು ಬೇಲಿಯಿಂದ ಇಣುಕಿದರು.

ಕಾಂಪೌಂಡರು ನಲವತ್ತು ವರ್ಷ ಡಾಕ್ಟರ ಪಕ್ಕದಲ್ಲಿ ನಿಂತು ಔಷಧಿ ಕಲಸಿದವರು. ಡಾಕ್ಟರಿಗೆ ಗೊತ್ತಿಲ್ಲದ ರೋಗಗಳೂ ಅವರಿಗೆ ಗೊತ್ತಿದ್ದವು. ಸಂಜೆ ದಫ್ತರಿ ಬಂದ ಕೂಡಲೇ ಬೆಳಕಿಗೆ ನಿಲ್ಲಿಸಿ, ಕಣ್ಣಿನ ರೆಪ್ಪೆ ಎಳೆದು, ನಾಲಿಗೆ ಚಾಚಿಸಿ, ಉಗುರು ಒತ್ತಿ ನೋಡಿದರು.

"ಹಸಿವಾಗುತ್ತಾ?"

"ಚೆನ್ನಾಗೇ ಆಗುತ್ತೆ."

"ಅದೇ ಲಕ್ಷಣ. ನಿದ್ದೆ?"

"ಮಲಗಿದ್ರೆ ಎಚ್ಚರಾನೇ ಇರಲ್ಲ."

"ಅದೂ ಸರಿಹೋಯ್ತು" ಅಂತ ಕಾಂಪೌಂಡರು ತಲೆ ಆಡಿಸಿದರು. "ಒಳಗೊಳಗೇ ತಿನ್ನೋ ಜಾತಿ ಇದು. ಹೊರಗೆ ಏನೂ ತೋರಿಸಲ್ಲ."

ದಫ್ತರಿ ಹೆದರಿ ನಿಜವಾದ ಡಾಕ್ಟರ ಹತ್ತಿರ ಓಡಿದ. ಅವರು ಎದೆಗೆ ಕೊಳವೆ ಇಟ್ಟು, ಹೊಟ್ಟೆ ಒತ್ತಿ, "ಏನೂ ಇಲ್ಲ, ಹೋಗ್ರೀ" ಅಂದರು. ಏನಾದರೂ ಇದೆ ಅಂದಿದ್ದರೆ ದಫ್ತರಿಗೆ ಸಮಾಧಾನವಾಗುತ್ತಿತ್ತು. ಏನೂ ಇಲ್ಲ ಅಂತ ಮುಖ ನೋಡದೇ ಹೇಳಿ ಕಳಿಸಿದರು ಅಂದರೆ ಎಷ್ಟು ದೊಡ್ಡದಿರಬೇಕು! ಅಂದಿನಿಂದ ಅನ್ನ ಸೇರಲಿಲ್ಲ. ಬೆಂಚಿನ ಮೇಲೆ ನಿದ್ದೆ ಬರಲಿಲ್ಲ. ಕಚೇರಿಯಲ್ಲಿ ಯಾವತ್ತೂ ಎದ್ದು ನಿಲ್ಲದವರು ಎದ್ದು ಕುರ್ಚಿ ಕೊಡೋಕೆ ಶುರು ಮಾಡಿದರು. ಹಾಜರಿ ಗುಮಾಸ್ತ ದಿನಾ ಎರಡು ಕಿತ್ತಳೆ ತಂದು ಮೇಜಿನ ಮೇಲಿಟ್ಟು, ಬಡ್ತಿಯ ಆದೇಶದ ಕಡೆ ಒಂದು ಸಲ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ.

ಕೊನೆಗೆ ತಡೆಯಲಾರದೆ ದಫ್ತರಿ ಸ್ನೇಹಿತನನ್ನೇ ಕೇಳಿದ. ಇಬ್ಬರೂ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಸ್ಕೇಲಣ್ಣನ ಹತ್ತು ಬೆರಳಲ್ಲಿ ಏಳಕ್ಕೆ ಪಟ್ಟಿ.

"ಲೋ, ನಿಜ ಹೇಳು. ನನ್ನ ವಿಷಯ ನಿನಗೆ ಏನೋ ಗೊತ್ತಿದೆ ಅಲ್ವಾ?"

ಸ್ಕೇಲಣ್ಣ ಗಾಬರಿಯಾದ. ಗುಟ್ಟು ಹೊರಬಿತ್ತೇ? "ಯಾರು ಹೇಳಿದ್ದು ನಿನಗೆ?"

"ಯಾರೋ ಹೇಳಿದ್ರು ಬಿಡು. ಇನ್ನೆಷ್ಟು ದಿನ?"

"ನಾಲ್ಕು ದಿನ ಅಷ್ಟೇ ಕಣೋ. ಎಲ್ಲ ತಯಾರಿ ನಾನೇ ಮಾಡ್ತಿದೀನಿ, ನೀನು ಒಂದೂ ಯೋಚನೆ ಮಾಡಬೇಡ. ಸುಮ್ಮನೆ ಬಂದು ನಿಂತ್ಕೊ, ಸಾಕು."

ದಫ್ತರಿ ಬಿಳಿಚಿಕೊಂಡ. ಸ್ನೇಹಿತನ ಪಟ್ಟಿಗಳನ್ನು ನೋಡಿ, "ನಿನ್ನ ಬೆರಳಿಗೆ ಏನಾಯ್ತೋ?" ಅಂತ ಕೇಳಿದ.

"ನಿನಗೋಸ್ಕರ ಕಣೋ, ನಿನಗೋಸ್ಕರ" ಅಂದ ಸ್ಕೇಲಣ್ಣ. ದಫ್ತರಿಗೆ ಅಳು ಬಂತು. ಸ್ನೇಹಿತನಿಗೆ ಊರು ಬಿಟ್ಟು ಹೋಗೋದು ಇಷ್ಟು ಕಷ್ಟ ಆಗ್ತಿದೆಯಲ್ಲ ಅಂತ ಸ್ಕೇಲಣ್ಣನಿಗೂ ಅಳು ಬಂತು. ಇಬ್ಬರೂ ಚೆನ್ನಾಗಿ ಅತ್ತರು. ಎದ್ದು ಹೋದವನೇ ದಫ್ತರಿ ಸಾಹೇಬರಿಗೆ ಒಂದು ಪತ್ರ ಬರೆದ: ಅನಾರೋಗ್ಯದ ಕಾರಣ ನನಗೆ ಬಡ್ತಿ ಬೇಡ, ಮುಂದಿನವರಿಗೆ ಕೊಡಬಹುದು.

ಇತ್ತ ಕೋಟು ಏಳುತ್ತಿತ್ತು. ಹೊಲಿಗೆಯಾಗುತ್ತಿತ್ತು ಅನ್ನೋದಕ್ಕಿಂತ ಏಳುತ್ತಿತ್ತು ಅನ್ನೋದೇ ಸರಿ. ಸ್ಕೇಲಣ್ಣ ದೊಡ್ಡ ಹಾಳೆಯ ಮೇಲೆ ಮುಂಭಾಗದ ನೋಟ, ಹಿಂಭಾಗದ ನೋಟ, ಜೇಬಿನ ಅಡ್ಡಕೊಯ್ತ ಎಲ್ಲ ಎಳೆದಿದ್ದ. ಕಟ್ಟಡ ನಿಯಮದ ಪ್ರಕಾರ ಸುತ್ತ ಖಾಲಿ ಜಾಗ ಬಿಡಬೇಕಲ್ಲ, ಎರಡು ಪಕ್ಕಕ್ಕೂ ಎರಡೆರಡು ಇಂಚು ಬಿಟ್ಟಿದ್ದ. ಬಟ್ಟೆ ಸಾಲದೆ ಎರಡು ಸಲ ಅಂಗಡಿಗೆ ಹೋಗಿ ಬಂದ. ಅಂಗಡಿಯವನು "ಪರದೆಗಾ ಸಾರ್?" ಅಂತ ಕೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ದಫ್ತರಿಯ ಮನೆಯಿಂದ ತಂದ ಶರ್ಟನ್ನು ಕೋಟಿನ ಮೇಲೆ ಹರಡಿದಾಗ ಅದು ಮಗುವಿನ ಅಂಗಿಯ ಹಾಗೆ ಕಂಡಿತು. ಶರ್ಟು ಹೊಲಿದ ದರ್ಜಿಗೆ ಕೆಲಸ ಬರೋದಿಲ್ಲ ಅಂತ ಅವನು ತೀರ್ಮಾನಿಸಿದ.

ಶುಕ್ರವಾರ ಸಂಜೆ ಹೆಂಡತಿ ತಡೆಯಲಾರದೆ ಕೋಣೆಗೆ ಬಂದಳು. ಕೋಟು ಎರಡು ಕುರ್ಚಿಯ ಮೇಲೆ ಮಲಗಿತ್ತು.

"ಯಾರಿಗೆ ಇದು?"

"ನಮ್ಮ ದಫ್ತರಿಗೆ."

"ಒಬ್ಬರಿಗೇನಾ?"

"ಏನಾಗಿದೆ ಅದಕ್ಕೆ?"

"ಅಲ್ಲ, ಅವರ ಹೆಂಡತೀನೂ ಒಳಗೆ ಹೋಗಬಹುದು ಅಂತ ಅಂದೆ. ರೀ, ಒಂದು ಸಲ ಹಾಕ್ಕೊಂಡು ನೋಡ್ರೀ."

ಹಾಕಿಕೊಂಡ. ತೋಳು ಮೊಣಕಾಲಿಗೆ ತಾಗಿತು. "ನಾನು ಕಡ್ಡಿ, ಅವನು ದುಂಡಗಿದಾನೆ" ಅಂದ. ಅವಳು ಬಾಯಿ ತೆರೆದಳು. ಅವನು ಕೈ ಎತ್ತಿದ. "ನೋಡು, ಇದು ನಕಾಶೆ ಪ್ರಕಾರ ಇದೆ. ಒಂದು ದಾರದಷ್ಟೂ ವ್ಯತ್ಯಾಸ ಇಲ್ಲ." ಅದು ಸತ್ಯವೇ. ಒಂದು ದಾರದಷ್ಟೂ ವ್ಯತ್ಯಾಸ ಇರಲಿಲ್ಲ.

ಶನಿವಾರ ಮೂರು ಗಂಟೆಗೆ ಕಚೇರಿಯ ಸಭಾಂಗಣದಲ್ಲಿ ಬೀಳ್ಕೊಡುಗೆ. ಮೇಜಿನ ಮೇಲೆ ಬಿಳಿ ಬಟ್ಟೆ, ಚಹಾ, ಬಿಸ್ಕತ್ತು. ಸಾಹೇಬರು ನಡುವೆ. ಒಂದು ಪಕ್ಕ ದಫ್ತರಿ, ಇನ್ನೊಂದು ಪಕ್ಕ ಅವನ ಹೆಂಡತಿ, ಅವಳ ಹಿಂದೆ ಔಷಧಿ ಚೀಲದ ಸಮೇತ ಕಾಂಪೌಂಡರು. ಬಂದವರ ಮುಖವೆಲ್ಲ ಇಷ್ಟು ಜೋತುಬಿದ್ದಿದ್ದನ್ನು ಬಡ್ತಿಯ ಸಮಾರಂಭದಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಸಾಹೇಬರ ಮುಂದೆ ದಫ್ತರಿಯ ಪತ್ರ, ಪಕ್ಕದಲ್ಲಿ ಹಾಜರಿ ಗುಮಾಸ್ತ ಮುಚ್ಚಳ ತೆಗೆದು ಇಟ್ಟ ಪೆನ್ನು. ಸಹಿ ಒಂದು ಬಿದ್ದರೆ ಹನ್ನೊಂದು ವರ್ಷದ ಕುರ್ಚಿ ಕೈ ಬದಲಾಗುತ್ತಿತ್ತು.

ಸ್ಕೇಲಣ್ಣ ಎದ್ದ. ಕಾಗದ ಬಿಚ್ಚಿ ಕೋಟು ಹೊರಗೆ ತೆಗೆದ. ತೆಗೆಯುತ್ತಲೇ ಇದ್ದ. "ನನ್ನ ಸ್ನೇಹಿತನಿಗೆ ನಾನೇ ಅಳೆದು, ನಾನೇ ನಕಾಶೆ ಎಳೆದು, ನಾನೇ ಹೊಲಿದ ಕೋಟು. ಒಂದು ಗೆರೆ ತಪ್ಪಿಲ್ಲ" ಅಂದು ದಫ್ತರಿಗೆ ತೊಡಿಸಿದ.

ದಫ್ತರಿ ಇದ್ದ ಜಾಗದಲ್ಲಿ ಕೋಟು ನಿಂತಿತ್ತು. ಭುಜ ಮೊಣಕೈ ಹತ್ತಿರ ಮುಗಿಯುತ್ತಿತ್ತು, ಕೈ ಇರಲೇ ಇಲ್ಲ. ಮುಂಭಾಗದಲ್ಲಿ ಇನ್ನೊಬ್ಬ ಆಸಾಮಿ ಆರಾಮವಾಗಿ ಕೂರುವಷ್ಟು ಜಾಗ. ಮೇಲೆ ಎಲ್ಲೋ ಒಂದು ಸಣ್ಣ ಮುಖ ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

"ಅಯ್ಯಯ್ಯೋ! ಹದಿನೈದೇ ದಿನದಲ್ಲಿ ಇಷ್ಟೊಂದು ಕರಗಿಹೋದ್ರಾ!" ಅಂತ ಜವಾನ ಬಾಯಿ ಬಡಿದುಕೊಂಡ. "ನನ್ನ ಕಣ್ಣೆದುರೇ ಅಳೆದಿದ್ರಲ್ಲಪ್ಪಾ!"

ದಫ್ತರಿಯ ಹೆಂಡತಿ ಹೋ ಅಂತ ಅತ್ತಳು. ಕಾಂಪೌಂಡರು, "ನಾನು ಮೊದಲೇ ಹೇಳಿದ್ದೆ, ಒಳಗೇ ತಿನ್ನುತ್ತೆ ಅಂತ" ಅಂದರು, ರೋಗ ತಮ್ಮ ಮಾತು ಉಳಿಸಿತು ಅನ್ನುವ ತೃಪ್ತಿಯಿಂದ. ಹಾಜರಿ ಗುಮಾಸ್ತ ಒಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಾ ಇನ್ನೊಂದು ಕೈಯಿಂದ ಪೆನ್ನನ್ನು ಸಾಹೇಬರ ಹತ್ತಿರ ಸರಿಸಿದ. ಸಾಹೇಬರು, "ಇನ್ನು ಅನುಮಾನವೇ ಬೇಡ. ಇಂಥ ಸ್ಥಿತೀಲಿ ಬಡ್ತಿ ಕೊಟ್ಟು ಕಳಿಸೋದು ಮನುಷ್ಯತ್ವ ಅಲ್ಲ. ಪತ್ರ ಒಪ್ಪಿಕೊಳ್ತೀನಿ" ಅಂದು ಪೆನ್ನು ಎತ್ತಿಕೊಂಡರು.

ಆಗ ಸ್ಕೇಲಣ್ಣನಿಗೆ ಎಲ್ಲ ಅರ್ಥವಾಯಿತು. ಕಿತ್ತಳೆ, ಮೆಟ್ಟಿಲ ಮೇಲಿನ ಅಳು, ಪತ್ರ, ಎಲ್ಲ. ಒಂದೇ ಒಂದು ಮಾತು ಹೇಳಿದರೆ ಮುಗಿಯಿತು: ಮನುಷ್ಯ ಸರಿಯಾಗಿದ್ದಾನೆ, ಕೋಟು ಸರಿಯಾಗಿಲ್ಲ.

ಹೇಳಿದನೇ? ಇಲ್ಲ. ಬಾಗಿಲ ಹತ್ತಿರ ಅವನ ಹೆಂಡತಿ ಕೈಕಟ್ಟಿ ನಿಂತಿದ್ದಳು. ಬೀದಿಯಲ್ಲಿ ದರ್ಜಿ ಇದ್ದ, ಸೈಕಲ್ ರಿಪೇರಿಯವನು ಇದ್ದ. ಸ್ನೇಹಿತ ಸಾಯಲಿ ಅಂತ ಸ್ಕೇಲಣ್ಣ ಖಂಡಿತ ಬಯಸಲಿಲ್ಲ, ಅಷ್ಟು ಕೆಟ್ಟವನಲ್ಲ. ಆದರೆ ನಿಜವಾಗಿಯೂ ಒಂಚೂರು, ಒಂದು ಭುಜದಷ್ಟು ಕರಗಿದ್ದರೆ ಚೆನ್ನಾಗಿತ್ತಲ್ಲ ಅಂತ ಅವನಿಗೆ ಅನ್ನಿಸಿದ್ದು ಸುಳ್ಳಲ್ಲ. ಸಾಹೇಬರ ಪೆನ್ನು ಕಾಗದಕ್ಕೆ ತಾಗಿತು.

ಆಗ ಕೋಟಿನೊಳಗಿಂದ ದಫ್ತರಿ ಮಾತಾಡಿದ. "ಯಾರೂ ಇವನನ್ನ ಬೈಬೇಡಿ. ಇವನಿಗೆ ಗೊತ್ತಿತ್ತು ನಾನು ಕರಗ್ತೀನಿ ಅಂತ. ಆದ್ರೂ ನಾನು ಮೊದಲು ಹೇಗಿದ್ನೋ ಆ ಅಳತೆಗೇ ಹೊಲಿದಿದಾನೆ ನೋಡಿ. ಇಂಥ ಸ್ನೇಹಿತ ಯಾರಿಗೆ ಸಿಕ್ತಾನೆ?" ತೋಳು ಎತ್ತಿ ಕಣ್ಣು ಒರೆಸಿಕೊಳ್ಳೋಕೆ ಹೋದ. ಕೈ ಸಿಗಲಿಲ್ಲ, ತೋಳಿನ ತುದಿಯಲ್ಲೇ ಒರೆಸಿಕೊಂಡ.

ಸ್ಕೇಲಣ್ಣ ಇದನ್ನು ತಡೆಯಲಾರದೆ ಹೋದ. "ಸಾಹೇಬ್ರೇ, ನಿಲ್ಲಿಸಿ!" ಅಂತ ಕಿರುಚಿದ. "ಇವನಿಗೆ ಏನೂ ಆಗಿಲ್ಲ! ಕೋಟೇ ದೊಡ್ಡದಾಗಿದೆ!"

ಸಭೆ ಒಪ್ಪಲಿಲ್ಲ. "ನೋಡಿದ್ರಾ? ತನ್ನ ಕೆಲಸಾನೇ ಹಾಳು ಅಂತ ಹೇಳ್ಕೊಂಡು ಸ್ನೇಹಿತನಿಗೆ ಧೈರ್ಯ ಹೇಳ್ತಿದಾನೆ" ಅಂತ ಹಾಜರಿ ಗುಮಾಸ್ತ ಗದ್ಗದನಾಗಿ ಹೇಳಿದ. ಜವಾನ ಚಪ್ಪಾಳೆ ತಟ್ಟಿದ. ಜೀವಮಾನದಲ್ಲಿ ಮೊದಲ ಸಲ ತಪ್ಪು ಒಪ್ಪಿಕೊಂಡವನನ್ನು ಊರು ನಂಬಲಿಲ್ಲ.

"ಇವರು ಹೊಲಿದದ್ದು ಕೋಟಲ್ಲ, ಡೇರೆ! ನಾನು ನಿನ್ನೇನೇ ನೋಡಿದೀನಿ" ಅಂದಳು ಸ್ಕೇಲಣ್ಣನ ಹೆಂಡತಿ. ಅವಳು ಗಂಡನ ಮಾತಿಗೆ ಸಾಕ್ಷಿ ನಿಂತದ್ದೂ ಅದೇ ಮೊದಲು.

ದಫ್ತರಿ ಮಾತ್ರ ಸ್ನೇಹಿತನ ಮುಖವನ್ನೇ ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಕಡತ ನೋಡಿದವನಿಗೆ ಬಾಯಿಮಾತಿನಲ್ಲಿ ನಂಬಿಕೆಯಿಲ್ಲ. "ನಕಾಶೆ ಇದೆಯೇನೋ?" ಅಂದ.

ಸ್ಕೇಲಣ್ಣ ಚೀಲದಿಂದ ಹಾಳೆ ತೆಗೆದು ಮೇಜಿನ ಮೇಲೆ ಹರಡಿದ. ದಫ್ತರಿ ಬಗ್ಗಿ ಓದಿದ. ಭುಜ ಇಪ್ಪತ್ನಾಲ್ಕು. ತೋಳು ಮೂವತ್ತು. ಉದ್ದ ಮೂವತ್ತಾರು. ಅರ್ಧ ಎದೆ ಇಪ್ಪತ್ತೈದು. ಹುಬ್ಬು ಗಂಟಾಯಿತು.

"ಯಾವ ಟೇಪಲ್ಲಿ ಅಳೆದೆ?"

"ನಮ್ಮದೇ."

"ಕಚೇರೀದಾ?"

"ಮತ್ತಿನ್ಯಾವುದು?"

"ಆರು ಕಳೆದೆಯಾ?"

ಸ್ಕೇಲಣ್ಣ ನಕಾಶೆಯ ಕಡೆ ನೋಡಿದ, ಕೋಟಿನ ಕಡೆ ನೋಡಿದ.

"ಅದು ನಿನ್ನ ಕೆಲಸ ಅಲ್ವೇನೋ" ಅಂದ.

ಮೊದಲು ಕೋಟು ಅಲುಗಾಡಿತು. ಆಮೇಲೆ ಅದರೊಳಗಿಂದ ನಗು ಬಂತು. ದಫ್ತರಿ ಬಿದ್ದು ಬಿದ್ದು ನಕ್ಕ. ತೋಳು ಮಡಿಚಿ ಕೈ ಹುಡುಕಿಕೊಂಡು, ಕೆಂಪು ಪೆನ್ನು ಕೇಳಿ ಪಡೆದು, ಒಂದೊಂದು ಅಂಕಿಯ ಪಕ್ಕದಲ್ಲೂ ಕಳೆಯುತ್ತಾ ಹೋದ. ಹದಿನೆಂಟು. ಇಪ್ಪತ್ನಾಲ್ಕು. ಮೂವತ್ತು. ಹತ್ತೊಂಬತ್ತು. "ಇದೇ ಕಣ್ರೀ ನನ್ನ ಅಳತೆ! ಮದುವೇಲಿ ಹೊಲಿಸಿದ ಕೋಟೂ ಇದೇ ಅಳತೆ! ನಾನು ಒಂದಿಂಚೂ ಕರಗಿಲ್ಲ! ಲೇ, ನಾನು ಸಾಯಲ್ಲ ಕಣೇ!" ಅಂತ ಹೆಂಡತಿಯ ಕೈ ಹಿಡಿಯೋಕೆ ಹೋಗಿ ಅವಳಿಗೆ ತೋಳನ್ನು ಮಾತ್ರ ಹಿಡಿಸಿದ. ಅವಳು ಅಳುತ್ತಲೇ ನಕ್ಕು, ಆಮೇಲೆ ಸ್ಕೇಲಣ್ಣನ ಕಡೆ ತಿರುಗಿ, "ಧೈರ್ಯವಾಗಿರು ಅಂದ್ರಲ್ಲ ಅಣ್ಣಾ, ಯಾಕಂದ್ರಿ?" ಅಂತ ಕೇಳಿದಳು. ಸ್ಕೇಲಣ್ಣ ಚೀಲದಿಂದ ದಫ್ತರಿಯ ಶರ್ಟು ತೆಗೆದು ಅವಳ ಕೈಗೆ ವಾಪಸ್ ಕೊಟ್ಟ.

"ಅದೆಲ್ಲ ಸರಿ" ಅಂದ ಹಾಜರಿ ಗುಮಾಸ್ತ. ಅವನ ದುಃಖ ಈಗ ಮಾತ್ರ ನಿಜವಾಗಿ ಶುರುವಾಗಿತ್ತು. "ಆದರೆ ಬಂದ ಪತ್ರಗಳ ಪುಸ್ತಕದಲ್ಲಿ ಪತ್ರಕ್ಕೆ ಆವಕದ ನಂಬರ್ ಬಿದ್ದಿದೆ. ಅನಾರೋಗ್ಯ ಅಂತ ದಾಖಲೆ ಆಗಿದೆ. ಕಾರಣ ಇಲ್ಲದೆ ವಾಪಸ್ ತಗೊಳ್ಳೋಕೆ ಬರಲ್ಲ."

ಸಾಹೇಬರು ಗಲ್ಲ ಕೆರೆದುಕೊಂಡರು. "ಹೌದಲ್ಲ. ಅನಾರೋಗ್ಯ ಅಲ್ಲ, ಕೋಟಿನ ದೋಷ ಅಂತ ದಾಖಲೆ ಬೇಕು. ಸಂಬಂಧಪಟ್ಟ ಅಧಿಕಾರಿ ಪ್ರಮಾಣೀಕರಿಸಬೇಕು. ನಕಾಶೆ ಪ್ರಮಾಣೀಕರಿಸೋರು ಯಾರಿಲ್ಲಿ?"

ಎಲ್ಲರೂ ಸ್ಕೇಲಣ್ಣನ ಕಡೆ ತಿರುಗಿದರು. ಜವಾನ ಓಡಿಹೋಗಿ ಅವನ ಮೇಜಿನಿಂದ ಠಸ್ಸೆಯನ್ನೂ ಕೆಂಪು ಮಸಿಯ ಡಬ್ಬಿಯನ್ನೂ ತಂದಿಟ್ಟ.

ಸ್ಕೇಲಣ್ಣ ಠಸ್ಸೆ ಹಿಡಿದು ನಿಂತ. ಎಷ್ಟು ಜನರ ಅಡಿಗೆಮನೆ, ಎಷ್ಟು ಜನರ ಮಹಡಿ, ಎಷ್ಟು ಜನರ ಕಿಟಕಿಯ ಮೇಲೆ ಇದನ್ನು ಕಣ್ಣು ಮಿಟುಕಿಸದೆ ಹೊಡೆದಿದ್ದ! ತನ್ನ ತಟ್ಟೇಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ತಟ್ಟೆಯ ನೊಣ ಹುಡುಕುವ ಕೈ ಅದು. ಈಗ ಠಸ್ಸೆಯನ್ನು ಮಸಿಗೆ ಒತ್ತಿತು, ಮತ್ತೆ ಒತ್ತಿತು. "ಅನುಮೋದಿಸಬಹುದು, ಸಣ್ಣ ತಿದ್ದುಪಡಿಯೊಂದಿಗೆ ಅಂತ ಬರೆದ್ರೆ..." ಅಂತ ಸಾಹೇಬರ ಮುಖ ನೋಡಿದ.

"ಸಣ್ಣದು ಎಷ್ಟು?" ಅಂದಳು ಅವನ ಹೆಂಡತಿ. "ಎದೇಲಿ ಹದಿನಾರು ಇಂಚು!"

ದಫ್ತರಿ ಕೋಟಿನೊಳಗೆ ನಿಂತು ಕಾಯುತ್ತಿದ್ದ. ಸ್ಕೇಲಣ್ಣ ಕಣ್ಣು ಮುಚ್ಚಿಕೊಂಡು ಹೊಡೆದ. ಧಡ್.

"ನಕಾಶೆ ದೋಷಪೂರಿತ. ತಿರಸ್ಕರಿಸಲಾಗಿದೆ."

ಸಾಹೇಬರು ಪತ್ರ ಹರಿದರು. ಕಾಂಪೌಂಡರು ಚೀಲ ಎತ್ತಿಕೊಂಡು ಮನೆಗೆ ಹೋದರು. ಹಾಜರಿ ಗುಮಾಸ್ತ ಹೋಗುವಾಗ ದಫ್ತರಿಯ ಮೇಜಿನಿಂದ ಆ ದಿನದ ಎರಡು ಕಿತ್ತಳೆಯನ್ನು ವಾಪಸ್ಸು ತಗೊಂಡು ಹೋದ.

ಕೋಟನ್ನು ಆ ಸಂಜೆಯೇ ದರ್ಜಿಗೆ ಕೊಟ್ಟರು. ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸ್ಕೇಲಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ದಫ್ತರಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಮುಟ್ಟಿ ಮುಟ್ಟಿ ನೋಡಿ, ಬಿಚ್ಚಿ ಹೊಲಿದ. ಉಳಿದ ಬಟ್ಟೆಯಲ್ಲಿ ಸ್ಕೇಲಣ್ಣನಿಗೂ ಒಂದು ಕೋಟಾಯಿತು. ಅದನ್ನು ದರ್ಜಿ ಕಣ್ಣಳತೆಯಲ್ಲೇ, ಹೇಳದೆ ಕೇಳದೆ ಹೊಲಿದು ಕಳಿಸಿಕೊಟ್ಟ. ಹಾಳಾದ್ದು, ಹೇಳಿ ಹೊಲಿಸಿದ ಹಾಗೆ ಸರಿಯಾಗಿ ಕೂತಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ದಫ್ತರಿ ದೊಡ್ಡ ಕಚೇರಿಯಲ್ಲಿ ಹೆಡ್ ಗುಮಾಸ್ತನ ಕುರ್ಚಿಯಲ್ಲಿ ಕೂತ. ಹಿಂದಿನ ಗೋಡೆಗೆ ಕೆಂಪು ಠಸ್ಸೆಯ ಆ ನಕಾಶೆಯನ್ನು ಕಟ್ಟು ಹಾಕಿಸಿ ನೇತುಹಾಕಿದ್ದನಂತೆ.

ಅದೇ ಹತ್ತು ಗಂಟೆಗೆ ಸ್ಕೇಲಣ್ಣ ಬೂದು ಕೋಟು ಹಾಕಿಕೊಂಡು ಒಂದು ಸೈಟು ಅಳೆಯುತ್ತಿದ್ದ. ಒಬ್ಬ ಮುದುಕ ತನ್ನ ಮಗಳಿಗೆ ಅಂತ ಕಟ್ಟಿಸುತ್ತಿದ್ದ ಎರಡು ಕೋಣೆಯ ಮನೆ. ಸ್ಕೇಲಣ್ಣ ಟೇಪು ಎಳೆದು, ಅಭ್ಯಾಸದಂತೆ ಪಕ್ಕಕ್ಕೆ ತಿರುಗಿ ಕೂಗಿದ: "ಮೂವತ್ತು ಅಡಿ ಆರಿಂಚು!"

ಯಾರೂ ಬರೆದುಕೊಳ್ಳಲಿಲ್ಲ. ಅವನು ಹಾಗೇ ಟೇಪು ಹಿಡಿದುಕೊಂಡು ನಿಂತ.

"ಯಾಕ್ ಸ್ವಾಮಿ ನಿಂತ್ಬಿಟ್ರಿ?" ಅಂದ ಮುದುಕ. "ನಕಾಶೇಲಿ ಏನಾದ್ರೂ ತಪ್ಪಿದೆಯಾ?"

ಸ್ಕೇಲಣ್ಣ ಮುದುಕನ ನಕಾಶೆ ಬಿಚ್ಚಿದ. ಕಿಟಕಿಯ ಗೆರೆ ಎರಡು ಕೂದಲೆಳೆ ಆಚೆ ಹೋಗಿತ್ತು. ಕೈ ತಾನಾಗಿಯೇ ಠಸ್ಸೆಯ ಚೀಲಕ್ಕೆ ಹೋಯಿತು, ಅಲ್ಲೇ ನಿಂತಿತು, ಖಾಲಿಯಾಗಿ ಹೊರಗೆ ಬಂತು.

"ತಪ್ಪೇನಿಲ್ಲ ಯಜಮಾನ್ರೇ" ಅಂದ. "ಒಂದು ನಿಮಿಷ ತಾಳಿ. ಇದುವರೆಗೂ ಅಳೀತಿದ್ದೆ. ಕಳೆಯೋದನ್ನ ಇವತ್ತಿಂದ ಕಲೀತಿದೀನಿ."

ಆಮೇಲೆ ಬೆರಳು ಮಡಿಚಿ ಎಣಿಸೋಕೆ ಶುರು ಮಾಡಿದ. ಏಳು ಬೆರಳಿಗೆ ಪಟ್ಟಿ ಇದ್ದುದರಿಂದ ಮಡಿಚೋದು ಸ್ವಲ್ಪ ನಿಧಾನವಾಯಿತು.